ಬೇಕಾದರೆ ಮಾತ್ರ

ಸಾಫ್ಟ್‌ವೇರು ಕುಂತಿತು. ರಾತ್ರಿ ಹತ್ತೂವರಿ,
ಬೆಟಗೇರಿಯೊಳಗ ಮಗ್ಗದ ಸಪ್ಪಳ ನಿಂತಿತ್ತು.
ಪ್ರೆಸ್ಸಿನ ಶಟರ್ ಅರ್ಧ ಎಳದು ಕೂತಿದ್ದೆ,
ಉಗುರಿನ ಸಂದ್ಯಾಗ ಇನ್ನೂ ಮಜೆಂಟಾ.
ಆಗ ಅದು ಇನ್ನೊಂದು ಪಟ್ಟಿ ಬಿಚ್ಚಿ ಕೇಳಿತು:
ಇವೂ ಇವೆ. ಬೇಕಾದರೆ ಮಾತ್ರ.

ನಾಕು ಖಾಲಿ ಚೌಕ.
ಮಾದರಿ ಚಿತ್ರಗಳು. ಸಣ್ಣ ಗ್ರಹಗಳ ದಾರಿ.
ಎದ್ದು ಕಾಣುವ ನಕ್ಷತ್ರಗಳ ಪಟ್ಟಿ, ಮೂರು ಜಿಬಿ.
ಮಂದ ನಕ್ಷತ್ರಗಳ ಪಟ್ಟಿ, ಒಂಬತ್ತು ಜಿಬಿ ಚಿಲ್ಲರ.

ಬೇಕಾದರೆ ಅಂದ್ರೇನು?
ಬೀಗರೂಟದಾಗ ಬ್ಯಾಡ ಬ್ಯಾಡ ಅಂದ್ರೂ
ಎಲಿಗೆ ಬೀಳೋ ಹೋಳಿಗಿ ಅಲ್ಲ ಇದು.
ಬ್ಯಾಡ ಅಂದ್ರ ಸುಮ್ಮನ ಹೊಂಟು ಹೋಗತೈತಿ.

ಚಿತ್ರ ಕೈಯಾಗಿತ್ತು. ಶಿವರಾತ್ರಿ ಮರುದಿನದ ಅಮಾಸಿ,
ಡೋಣಿ ದಾಟಿ, ಕಪ್ಪತಗುಡ್ಡದ ಗಾಳಿಪಂಕದ ಕೆಂಪು ದೀಪಕ್ಕ ಬೆನ್ನು ಮಾಡಿ,
ಅಡ್ನೂರ ಮಾಸ್ತರ ದುರ್ಬೀನಿಗೆ ನನ್ನ ಹಳೇ ಕ್ಯಾಮೆರಾ ಬಿಗದು
ಮೂವತ್ತು ಸೆಕೆಂಡಿನವು ತೊಂಬತ್ತು ತಗದಿದ್ದೆ.
ಒಂದರ ಮ್ಯಾಲೊಂದು ಕೂಡಸೂದು ನನಗ ಹೇಳಿಕೊಡಬೇಕs?
ಸಯಾನ್, ಮಜೆಂಟಾ, ಹಳದಿ, ಕರಿ,
ಮೂಲ್ಯಾಗಿನ ಗುರುತು ಕೂದಲೆಳಿ ಸರದರೂ
ಕ್ಯಾಲೆಂಡರಿನ ಲಕ್ಷ್ಮಿ ತುಟಿ ಗದ್ದಕ್ಕಿಳೀತೈತಿ.
ಮೂವತ್ತು ವರ್ಷ ಅದನ್ನs ಕಣ್ಣು ಕಿರಿದು ಮಾಡಿ ನೋಡೀನಿ.

ಕೂಡಿತು. ಚಂದ ಬಂತು. ಆದ್ರ ಆಕಾಶದಾಗ ಎಲ್ಲೀದು?
ಆ ಪಟ್ಟಿ ಹಾಕೂತನಕ ಅದಕ್ಕ ತಿಳ್ಯಾಂಗಿಲ್ಲಂತ.
ಬಂಗಾರದ ಅಕ್ಷರ, ಮೂಲಿಗೆ ಅರಿಷಿಣ,
ಲಕೋಟಿ ಮ್ಯಾಲ ಮಾತ್ರ ವಿಳಾಸ ಇಲ್ಲ.

ಡಿಸ್ಕಿನಾಗ ಉಳಿದದ್ದು ಒಂದು ಜಿಬಿ.
ಹಳೇ ಫೋಲ್ಡರ್ ತಗದೆ. ಎರಡು ಸಾವಿರದ ಒಂಬತ್ತು, ಮೇ.
ಆ ತಿಂಗಳು ಮಷೀನು ಮಲಗಿರಲಿಲ್ಲ.
ಹೊಂಬಳದವರು, ಲಕ್ಕುಂಡಿಯವರು, ಮುಳಗುಂದದ ಎರಡು ಮನಿತನ,
ತಮ್ಮ ಶುಭಾಗಮನವನ್ನು ಬಯಸುವವರು
ಅಂತ ಸಾಲಾಗಿ ನಿಂತ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ.
ಅಳಿಸಿದೆ. ಅವರ ಮಕ್ಕಳು ಈಗ ಎಸ್ಸೆಲ್ಸಿ ಇರಬೇಕು.
ಒಂದೊಂದು ದಿಬ್ಬಣ ಹೋದಂಗ ಜಾಗ ಅಗಲಾತು.

ಆಮ್ಯಾಲ ಇದು ಬಂತು.
ಐನೂರು ಪ್ರತಿ. ಅಡ್ವಾನ್ಸ್ ಎಂಟುನೂರು.
ಹುಡಿಗಿ ಹೆಸರು ಎರಡು ಸಲ ತಿದ್ದಿದ್ದು.
ಒಯ್ಯಾಕ ಯಾರೂ ಬರಲಿಲ್ಲ.
ಕಟ್ಟು ಇನ್ನೂ ಅಟ್ಟದ ಮ್ಯಾಲ ಐತಿ; ಬೆನ್ನು ಖಾಲಿ ಅದಾವಂತ
ಯಮುನಾಬಾಯಿ ಅವುದ್ರಾಗ ಕಿರಾಣಿ ಚೀಟಿ ಬರೀತಾಳ.
ಕೇಳಿತು: ಅಳಿಸಲೇ?
ನಾ ಏನೂ ಒತ್ತಲಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಸಿಕ್ಕ ಜಾಗಕ್ಕ ಮೂರನೇ ಚೌಕ ಒಂದs ಹಿಡೀತು.
ಎಂಬತ್ತೇಳಕ್ಕ ಬಂದು ಕರೆಂಟು ಹೋತು.
ಮತ್ತ ಸೊನ್ನಿಯಿಂದ.

ನಸುಕಿನ್ಯಾಗ ಉತ್ತರ ಕೊಟ್ಟಿತು:
ವೃಶ್ಚಿಕದ ಬಾಲದ ಸಮೀಪ, ಇಷ್ಟು ಗಂಟೆ, ಇಷ್ಟು ಅಂಶ,
ತಾಳೆಯಾದ ನಕ್ಷತ್ರಗಳು ಇನ್ನೂರ ಹದಿನಾಲ್ಕು.
ಕೆಳಗ ಇರುವಿ ಅಕ್ಷರದಾಗ:
ಚಿತ್ರ ನೂರೆಂಬತ್ತು ಅಂಶ ತಿರುಗಿದೆ.

ಕ್ಯಾಮೆರಾ ತೆಳಮ್ಯಾಲ ಬಿಗದಿದ್ದೆ!
ಪ್ಲೇಟಿನ ಕಬಾಡಿ ಅಂದ್ರ ಇಡೀ ಸ್ಟೇಶನ್ ರೋಡಿಗೆ ಗೊತ್ತು.
ಚಾ ತಂದ ಯಮುನಾಬಾಯಿ ಬಗ್ಗಿ ನೋಡಿದಳು:
“ಪಾಪ, ಚೇಳು ಅಂಗಾತ ಮಲಗೇತಲ್ರಿ.”

ಒಂದು ಪ್ರೂಫ್ ತಗದೆ. ಕಾಗದ ಹುಡುಕೂ ವ್ಯಾಳ್ಯಾಕ
ಕೈಗೆ ಬಂದದ್ದು ಅಟ್ಟದ ಆ ಕಾರ್ಡು.
ಬೆನ್ನಿನ ಮ್ಯಾಲ ಹಸಿರು ಸುತ್ತು, ಸುತ್ತಿಗೊಂದು ನಂಬರು.
ನಡುವ ಅಲ್ಲಲ್ಲಿ, ರವಾ ಚೆಲ್ಲಿದಂಗ,
ಸುತ್ತು ಬೀಳದವು. ಅವುಕ್ಕ ಒಂಬತ್ತು ಜಿಬಿ ಬೇಕು.
ಅದಾವ, ಅಷ್ಟs.
ಶಟರ್ ಎತ್ತಿದೆ. ಅಣ್ಣಿಗೇರಿಯವರು ಎಂಟಕ್ಕ ಬರತೇನಿ ಅಂದಿದ್ರು.